ಮಕ್ಕಳ ರಕ್ತಾರ್ಬುದವೂ ವೈರಸ್ಸೂ: ಒಂದು ಸಂಶಯದ ಇತಿಹಾಸ

ಮಕ್ಕಳಿಗೆ ಬರುವ ರಕ್ತಾರ್ಬುದವು ಅಂಟುರೋಗವೇ ಎಂಬ ಪ್ರಶ್ನೆ ಇಂದಿಗೂ ನಮ್ಮ ಗೋರೆಗಾಂವಿನಲ್ಲಿ ಕೇಳಿಬರುವುದುಂಟು. ಒಬ್ಬರಿಂದೊಬ್ಬರಿಗೆ ಅದು ಅಂಟುವುದಿಲ್ಲವೆಂಬುದು ನಿಶ್ಚಿತ. ಆದರೆ ಪ್ರಶ್ನೆಯನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕಲಾಗದು. ವಿಜ್ಞಾನದಲ್ಲಿಯೇ ಅದಕ್ಕೆ ನೂರು ವರ್ಷಗಳಿಗೆ ಮೀರಿದ ಇತಿಹಾಸವಿದೆ.

1908ರಲ್ಲಿ ಕೋಪನ್‌ಹೇಗನ್ನಿನ ಎಲರ್ಮನ್ ಮತ್ತು ಬಾಂಗ್ ಎಂಬ ವಿದ್ವಾಂಸರು, ರೋಗಪೀಡಿತ ಕೋಳಿಗಳಿಂದ ಪಡೆದು ಸೂಕ್ಷ್ಮವಾಗಿ ಸೋಸಿದ ದ್ರವದಿಂದ ಇತರ ಕೋಳಿಗಳಿಗೂ ರಕ್ತಾರ್ಬುದ ಬರುವುದನ್ನು ತೋರಿಸಿದರು. ಅಂದು ಈ ರೋಗವನ್ನು ಅರ್ಬುದಗಳ ವರ್ಗಕ್ಕೆ ಸೇರಿಸುತ್ತಿರಲಿಲ್ಲವಾಗಿ ಆ ಶೋಧನೆ ಮೂಲೆಗುಂಪಾಯಿತು. ಮುಂದೆ 1951ರಲ್ಲಿ ಲುಡ್ವಿಕ್ ಗ್ರಾಸ್ ಇಲಿಗಳಲ್ಲಿಯೂ, 1964ರಲ್ಲಿ ಗ್ಲಾಸ್ಗೋದ ವಿಲಿಯಂ ಜ್ಯಾರೆಟ್ ಬೆಕ್ಕುಗಳಲ್ಲಿಯೂ ಇಂತಹ ವೈರಸ್ಸುಗಳನ್ನು ಕಂಡರು.

ಮುಂಬಯಿಯೂ ಈ ಶೋಧದಿಂದ ದೂರವುಳಿಯಲಿಲ್ಲ. ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯ ಬಳಿಕ, 1952ರಲ್ಲಿ ಡಾ. ವಿ. ಆರ್. ಖಾನೋಲ್ಕರರು ಭಾರತೀಯ ಅರ್ಬುದ ಸಂಶೋಧನ ಕೇಂದ್ರವನ್ನು ಕಟ್ಟಿದರು. ಅವರ ಶಿಷ್ಯೆ ಡಾ. ಕಮಲ್ ರಣದಿವೆಯವರು ಅಲ್ಲಿ ಜೀವಕೋಶಗಳನ್ನು ಬೆಳೆಸುವ ಪ್ರಯೋಗಶಾಲೆಯನ್ನು ಸ್ಥಾಪಿಸಿ, ಇಲಿಗಳ ಅರ್ಬುದಕ್ಕೂ ವೈರಸ್ಸಿಗೂ ಇರುವ ನಂಟನ್ನು ಅಭ್ಯಸಿಸಿದರು. ಇತಿಹಾಸವೆಂದರೆ ಶಾಸನಗಳೂ ರಾಜವಂಶಗಳೂ ಮಾತ್ರವೆಂದು ತಿಳಿಯುವ ನಾವು ಪರೇಲಿನ ಇಂತಹ ಪುಟಗಳನ್ನು ತೆರೆದು ನೋಡಿರುವುದು ಕಡಿಮೆ.

ಮನುಷ್ಯರ ವಿಷಯ ಇಷ್ಟು ಸರಳವಲ್ಲ. ಅಮೆರಿಕದ ನೈಲ್ಸ್ ಊರಿನಲ್ಲಿ 1957ರಿಂದ 1960ರೊಳಗೆ ಎಂಟು ಮಕ್ಕಳಿಗೆ ರಕ್ತಾರ್ಬುದ ಬಂದ ವರದಿ 1963ರಲ್ಲಿ ಪ್ರಕಟವಾದಾಗ ವೈರಸ್ಸಿನ ಸಂಶಯ ಬಲವಾಯಿತು. ವೈರಸ್ಸು ಮಾತ್ರ ಸಿಕ್ಕಲಿಲ್ಲ. ಖಾತೆಯ ಒಂದೇ ಪುಟದಲ್ಲಿ ಎರಡು ರಕಮುಗಳಿದ್ದ ಮಾತ್ರಕ್ಕೆ ಒಂದು ಇನ್ನೊಂದರಿಂದ ಹುಟ್ಟಿತೆನ್ನಲಾಗದೆಂಬುದು ಬ್ಯಾಂಕಿನವರಿಗೆಲ್ಲ ಗೊತ್ತು. 1980ರಲ್ಲಿ ವರದಿಯಾದ ಮಾನವ ವೈರಸ್ಸು ಸಹ ವಯಸ್ಕರ ಒಂದು ಬಗೆಯ ರಕ್ತಾರ್ಬುದಕ್ಕೆ ಸೇರಿದುದೇ ಹೊರತು ಮಕ್ಕಳದಕ್ಕಲ್ಲ.

1988ರಲ್ಲಿ ವಿಚಾರ ಹೊಸ ದಾರಿ ಹಿಡಿಯಿತು. ಮೆಲ್ ಗ್ರೀವ್ಸ್ ಎರಡು ಹೆಜ್ಜೆಗಳನ್ನು ಊಹಿಸಿದರು: ಮೊದಲ ವಿಕೃತಿ ಬಹುಮಟ್ಟಿಗೆ ಗರ್ಭದಲ್ಲಿ, ಎರಡನೆಯದು, ಎಳವೆಯಲ್ಲಿ ಸೋಂಕಿನ ಪರಿಚಯವಿಲ್ಲದ ಮಗುವಿಗೆ ತಡವಾಗಿ ಬಂದ ಸಾಮಾನ್ಯ ಸೋಂಕಿಗೆ ದೇಹವು ವಿಪರೀತವಾಗಿ ಪ್ರತಿಕ್ರಿಯಿಸಿದಾಗ. ನವಜಾತ ಶಿಶುಗಳ ಹಿಮ್ಮಡಿಯಿಂದ ತೆಗೆದು ಒಣಗಿಸಿಟ್ಟ ರಕ್ತದ ಕಲೆಗಳಲ್ಲಿ 1997ರಲ್ಲಿ ಮೊದಲ ಹೆಜ್ಜೆಯ ಗುರುತು ದೊರೆಯಿತು. ಆ ಗುರುತು ಹೊತ್ತು ಹುಟ್ಟಿದ ಬಹುಪಾಲು ಮಕ್ಕಳಿಗೆ ರೋಗ ಬರುವುದೇ ಇಲ್ಲ. ಎರಡನೆಯ ಹೆಜ್ಜೆಯ ಬಗೆಗೆ ಚರ್ಚೆ ಇನ್ನೂ ಮುಗಿದಿಲ್ಲ.

1988ರಲ್ಲಿಯೇ ಲಿಯೋ ಕಿನ್ಲೆನ್, ಒಂಟಿಯಾಗಿದ್ದ ಪ್ರದೇಶಗಳಿಗೆ ಹೊರಗಿನ ಜನ ಗುಂಪಾಗಿ ಬಂದಾಗ ಹರಡುವ ಯಾವುದೋ ಸೋಂಕಿನ ವಿರಳ ಫಲವೇ ಈ ರೋಗವಿರಬಹುದೆಂದರು. ಊರು ಬಿಟ್ಟು ಬಂದ ನಮ್ಮಂಥವರ ಕಿವಿ ಇಲ್ಲಿ ನಿಮಿರುವುದು ಸಹಜ. ಆದರೆ ಸ್ಕಾಟ್ಲೆಂಡಿನ ಹಳ್ಳಿಗಾಡನ್ನು ನೋಡಿ ಹೊಸೆದ ಆ ವಾದವನ್ನು, ತಲೆಮಾರುಗಳಿಂದ ಬಗೆಬಗೆಯ ಜನ ಬೆರೆಯುತ್ತಲೇ ಇರುವ ಮುಂಬಯಿಗೆ ಹಾಗೆಯೇ ಹೊಂದಿಸಲಾಗದು.