ಹೆಣೆದ ಕಣಗಳು ಮತ್ತು ಅಳತೆಯ ಮಿತಿ

ಕಣಗಳ ಪರಸ್ಪರ ಬಂಧಕ್ಕೆ ಶ್ರೋಡಿಂಗರ್ 1935ರಲ್ಲಿ ಹೆಣೆದುಕೊಳ್ಳುವಿಕೆ ಎಂಬರ್ಥದ ‘ವೆರ್ಶ್ರೆಂಕುಂಗ್’ ಎಂಬ ಜರ್ಮನ್ ಪದವನ್ನು ಬಳಸಿದರು. ಅದೇ ವರ್ಷ ಐನ್‌ಸ್ಟೈನ್ ಮತ್ತು ಸಂಗಡಿಗರು ಎತ್ತಿದ ಆಕ್ಷೇಪದ ಕೇಂದ್ರದಲ್ಲಿದ್ದ ಈ ಬಂಧವು ಕಾಲಾಂತರದಲ್ಲಿ ಅಳತೆಯ ಸಾಧನವಾಯಿತು.

ಬಿಡಿಬಿಡಿಯಾದ ನೂರು ಪರಮಾಣುಗಳನ್ನು ಅಳೆದರೆ ದೋಷವು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅವು ಹೆಣೆದುಕೊಂಡಿದ್ದರೆ ತತ್ತ್ವತಃ ನೂರನೆಯ ಒಂದು ಭಾಗಕ್ಕೆ ಇಳಿಯಬಲ್ಲದು. 1992ರಲ್ಲಿ ವೈನ್‌ಲ್ಯಾಂಡ್ ಮತ್ತು ಸಹೋದ್ಯೋಗಿಗಳು ಇಂತಹ ಸಹಸಂಬಂಧದಿಂದ ರೋಹಿತಮಾಪನದ ಗದ್ದಲವನ್ನು ತಗ್ಗಿಸುವ ಮಾರ್ಗವನ್ನು ಪ್ರತಿಪಾದಿಸಿದರು. ಆದರೆ ಪ್ರತಿ ಕಣವನ್ನೂ ಪ್ರತ್ಯೇಕವಾಗಿ ಕಾಡುವ ಪರಿಸರದ ಗದ್ದಲದಲ್ಲಿ ಗರಿಷ್ಠ ಹೆಣಿಗೆಯ ಲಾಭವು ಕರಗಿಹೋಗುವುದೆಂದು ಹುವೆಲ್ಗಾ ಮತ್ತಿತರರು 1997ರಲ್ಲಿ ತೋರಿಸಿದರು.

ಮುಂದೆ ಸಂಶೋಧಕರ ಗಮನವು ಗದ್ದಲವನ್ನು ತಾಳಿಕೊಳ್ಳುವ ಮಿತವಾದ ಹೆಣಿಗೆಯತ್ತ ಹೊರಳಿತು. 2020ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಸುಮಾರು 350 ಇಟರ್ಬಿಯಮ್ ಪರಮಾಣುಗಳನ್ನು ಹೀಗೆ ಹೆಣೆದು, ಗಡಿಯಾರದ ಸ್ಥಿರತೆಯನ್ನು ಬಿಡಿ ಪರಮಾಣುಗಳ ಮಿತಿಯಾಚೆಗೆ ಒಯ್ಯಲಾಯಿತು. ಹೆಣಿಗೆಯ ಬಲವು ಅದರ ಬಾಳಿಕೆಯನ್ನು ಅವಲಂಬಿಸಿದೆ ಎಂಬುದು ಈ ಚರಿತ್ರೆಯಿಂದ ವಿದಿತವಾಗುತ್ತದೆ.