ಸಂಬಳದ ಲೆಕ್ಕದಲ್ಲಿ ಉಳಿದ ಸೈನಿಕರು

ಪೂರ್ವಿಕರು ಯಾವ ಪಡೆಯಲ್ಲಿದ್ದರು, ಎಲ್ಲಿ ಕಾದಿದರು ಎಂದು ಹುಡುಕುವವರಿಗೆ ಯುದ್ಧದ ವರದಿಗಳಿಂದ ಸಿಗುವುದು ಕಡಿಮೆ. ಅಲ್ಲಿ ದೊರೆ, ದಳವಾಯಿ, ಕರ್ನಲ್‌ಗಳ ಹೆಸರುಗಳಿರುತ್ತವೆ. ಸಾಮಾನ್ಯ ಸೈನಿಕನ ಹೆಸರು ಉಳಿದಿರುವುದು ಅವನಿಗೋ ಅವನ ಮನೆಯವರಿಗೋ ಭೂಮಿ, ಸಂಬಳ, ಪದಕ, ಪಿಂಚಣಿ ಕೊಟ್ಟ ಕಡೆ. ಮೈಸೂರು ಸೀಮೆಯಲ್ಲಿ ಈ ಕ್ರಮ ಹಳೆಯದು. ಬೆಂಗಳೂರಿನ ಉತ್ತರ ಭಾಗದಲ್ಲಂತೂ, ಜಾಲಹಳ್ಳಿ ಮತ್ತು ಯಲಹಂಕದ ವಾಯುಪಡೆ ನೆಲೆಗಳ ನಡುವಣ ಸಿಂಗಾಪುರದಿಂದ ಹೆಬ್ಬಾಳ, ಆರ್.ಟಿ. ನಗರ, ಜೆ.ಸಿ. ನಗರದವರೆಗಿನ ಕೆಲವೇ ಮೈಲಿಗಳಲ್ಲಿ, ಎಂಟನೆಯ ಶತಮಾನದಿಂದ ಇಂದಿನವರೆಗಿನ ಸೇನಾ ಸೇವೆಯ ಗುರುತುಗಳಿವೆ.

ಇವುಗಳಲ್ಲಿ ಅತಿ ಹಳೆಯದು ಹೆಬ್ಬಾಳದ ವೀರಗಲ್ಲು. ಇದರ ಕಾಲ ಸುಮಾರು ಕ್ರಿ.ಶ. 750. 2018ರಲ್ಲಿ ಪತ್ತೆಯಾದ ಈ ಶಾಸನ ಬೆಂಗಳೂರು ಪರಿಸರದಲ್ಲಿ ಈವರೆಗೆ ಸಿಕ್ಕಿರುವ ಅತ್ಯಂತ ಪ್ರಾಚೀನ ಕನ್ನಡ ಶಾಸನವೆಂದು ಹೆಸರಾಗಿದೆ. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ ರಾಷ್ಟ್ರಕೂಟರ ಕಡೆಯವರು ಪೆರ್ಬೊಳಲ್‌ನಾಡು ಮೂವತ್ತು ಎಂಬ ಆಡಳಿತ ವಿಭಾಗದ ಮೇಲೆ ಬಿದ್ದಾಗ ಕಿತ್ತಯ್ಯ ಎಂಬವನು ಎದುರಿಸಿ ಮಡಿದದ್ದನ್ನು ಅದು ಹೇಳುತ್ತದೆ. ಆಳುವ ದೊರೆ, ನಾಡಿನ ಅಧಿಕಾರಿ, ಶತ್ರು, ಕಾಳಗ, ಸತ್ತವನ ಹೆಸರು: ಸೇವಾ ದಾಖಲೆಯೊಂದರಲ್ಲಿ ಇರಬೇಕಾದ ವಿವರಗಳು ಈ ಕಲ್ಲಿನಲ್ಲಿವೆ. ಬೇಗೂರಿನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 900ರ ಶಾಸನವೂ ಇದೇ ಬಗೆಯದು. ಬೆಂಗಳೂರು ಎಂಬ ಹೆಸರು ಮೊದಲಿಗೆ ಕಾಣಿಸುವುದು ಅದರಲ್ಲಿ, ಅದೂ ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಸೆಟ್ಟಿ ಸತ್ತ ಸಂದರ್ಭದಲ್ಲಿ.

ಇಂಥ ಕಲ್ಲುಗಳು ಬರಿಯ ಹೊಗಳಿಕೆಗೆ ನಿಂತವಲ್ಲ. ಮಡಿದವನ ಮನೆಯವರಿಗೆ ನೆತ್ತರು ಕೊಡಗೆ, ಬಾಳ್ಗಚ್ಚು, ಕಲ್ನಾಡು ಎಂಬ ಹೆಸರುಗಳಲ್ಲಿ ಭೂಮಿ ಬಿಡುವ ರೂಢಿಯಿತ್ತು. ಎಷ್ಟೋ ವೀರಗಲ್ಲುಗಳು ಆ ದತ್ತಿಗೆ ಸಾಕ್ಷಿಯೂ ಹೌದು. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಊರಿನ ಹೆಸರು ತಿಳಿದಿದ್ದರೆ ಅಲ್ಲಿ ಆಗ ದಾಖಲಾದ ವೀರಗಲ್ಲಿನ ಪಾಠವನ್ನು ಈ ಸಂಪುಟದಲ್ಲಿ ನೋಡಬಹುದು. ಆದರೆ ಎಂಟು, ಒಂಬತ್ತನೆಯ ಶತಮಾನದ ವೀರನಿಂದ ಇಂದಿನ ಮನೆತನದವರೆಗೆ ವಂಶಾವಳಿ ಎಳೆಯಲು ಆಧಾರಗಳಿಲ್ಲ. ವೀರಗಲ್ಲು ಊರಿನ ಚರಿತ್ರೆಗೆ ಸಾಕ್ಷಿ, ಮನೆಯ ಚರಿತ್ರೆಗೆ ಹಿನ್ನೆಲೆ ಮಾತ್ರ.

ಮನೆತನಗಳನ್ನು ಗುರುತಿಸಬಲ್ಲ ದಾಖಲೆಗಳು ಶುರುವಾಗುವುದು ಮೈಸೂರು ಒಡೆಯರ ಕಾಲದಿಂದ ಈಚೆಗೆ. ಆಗ ಕಂದಾಚಾರ ಎಂಬ ಇಲಾಖೆಯಿತ್ತು. ಹಳ್ಳಿಗಳಲ್ಲೇ ಬೇಸಾಯ ಮಾಡಿಕೊಂಡಿದ್ದು, ಕರೆ ಬಂದಾಗ ಆಯುಧ ಹಿಡಿಯುತ್ತಿದ್ದ ಕಾಲಾಳುಗಳು ಇದಕ್ಕೆ ಸೇರಿದವರು. ಉಳಿದ ದಿನಗಳಲ್ಲಿ ಇವರು ಕಂದಾಯ ವಸೂಲಿಗೆ, ಕೋಟೆ ಕಾವಲಿಗೆ, ಊರಿನ ಪೊಲೀಸು ಕೆಲಸಕ್ಕೆ ಒದಗುತ್ತಿದ್ದರು. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋದ ಮೇಲೂ ಕಂದಾಚಾರದವರು ಮುಂದುವರಿದರು; ಹೊಸ ಪೊಲೀಸು ವ್ಯವಸ್ಥೆ ಬಂದ ಹಾಗೆ ಆ ಇಲಾಖೆ ಮರೆಯಾಯಿತು. ಇಂಥ ಸೇವೆಗೆ ಸಂಬಳದ ಬದಲು ಅಥವಾ ಅದರ ಜೊತೆಗೆ ಜಮೀನು ಕೊಡುತ್ತಿದ್ದುದರಿಂದ ಇನಾಂ ಕಡತಗಳಲ್ಲಿ ಅದರ ಸುಳಿವು ಸಿಗಬಹುದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಇನಾಂ ಕಮಿಷನ್ ಇನಾಂದಾರರ ಹಕ್ಕುಗಳನ್ನು ಪರಿಶೀಲಿಸಿತು. ಇನಾಂ ರದ್ದಿಯಾತಿ ಕಾಯ್ದೆ 1954ರಲ್ಲಿ ಬಂದಾಗ ಹಲವು ಮನೆಗಳು ಹಳೆಯ ಕಾಗದಗಳನ್ನು ಮತ್ತೆ ಹೊರತೆಗೆಯಬೇಕಾಯಿತು. ಜಮೀನಿನ ಹಳೆಯ ಪತ್ರವೊಂದರಲ್ಲಿ ಬರುವ 'ಉಂಬಳಿ', 'ಚಾಕರಿ ಇನಾಂ' ಎಂಬ ಮಾತು ಸೇವೆಯ ಮೊದಲ ಸುಳಿವಾಗುವುದುಂಟು.

ಕುದುರೆ ಸವಾರರ ಕಥೆ ಬೇರೆ. ಟಿಪ್ಪು ಸುಲ್ತಾನ 1799ರಲ್ಲಿ ಮಡಿದ ಬಳಿಕ ಮೈಸೂರಿನ ದಂಡು ಕುಗ್ಗಿತು. 1807ರ ಪೂರಕ ಒಪ್ಪಂದದಂತೆ ಸಂಸ್ಥಾನವು 4,000 ಕುದುರೆ ಸವಾರರನ್ನು ಸಾಕಬೇಕಾಯಿತು. ಸಿಲೇದಾರರೆಂದು ಕರೆಸಿಕೊಂಡ ಇವರಿಗೆ ಕುದುರೆ ಸ್ವಂತದ್ದು. ಸರ್ಕಾರ ಕೊಡುತ್ತಿದ್ದುದು ಸವಾರ ಮತ್ತು ಕುದುರೆ ಎರಡಕ್ಕೂ ಸೇರಿದ ಸಂಬಳ. 1817ರ ಡಿಸೆಂಬರ್ 21ರಂದು ಹೋಳ್ಕರರ ವಿರುದ್ಧ ನಡೆದ ಮಹಿದ್‌ಪುರದ ಕದನದಲ್ಲಿ ಮೈಸೂರಿನ ಸಿಲೇದಾರರು ಬ್ರಿಟಿಷರ ಜೊತೆಗಿದ್ದರು. ಕುದುರೆ ಆಸ್ತಿಯಾದ್ದರಿಂದ ಸಿಲೇದಾರಿಕೆ ಮನೆತನದ ವಿಷಯವೂ ಆಗಿತ್ತು. ಹೀಗಾಗಿ ಸಿಲೇದಾರರ ಮನೆಯ ಚರಿತ್ರೆ ಬರೆಯುವವರು ಪಡೆಯ ದಾಖಲೆಯ ಜೊತೆಗೆ ಮನೆಯ ಪಾಲುಪಟ್ಟಿ, ಸಾಲಪತ್ರಗಳನ್ನೂ ನೋಡಬೇಕು.

ಈ ಕುದುರೆ ಪಡೆಯ ಒಂದು ಭಾಗವನ್ನು 19ನೆಯ ಶತಮಾನದ ಕೊನೆಯಲ್ಲಿ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂಬ ಹೆಸರಿನಲ್ಲಿ ಹೊಸದಾಗಿ ಕಟ್ಟಲಾಯಿತು. ಮೊದಲ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು. ಲ್ಯಾನ್ಸರ್ಸ್ ಪಡೆ 1914ರ ಅಕ್ಟೋಬರಿನಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಹೈದರಾಬಾದ್ ಮತ್ತು ಜೋಧಪುರದ ಸವಾರರೊಂದಿಗೆ 15ನೆಯ ಇಂಪೀರಿಯಲ್ ಸರ್ವಿಸ್ ಕುದುರೆ ಬ್ರಿಗೇಡಿನಲ್ಲಿದ್ದ ಮೈಸೂರಿನವರು ಮೊದಲು ಸೂಯೆಜ್ ಕಾಲುವೆಯನ್ನು ಕಾದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರಿನ ಮೇಲೆ ನಡೆದ ದಾಳಿಯಲ್ಲಿ ಜೋಧಪುರದ ಸವಾರರು ನೇರ ನುಗ್ಗಿದರೆ, ಮೈಸೂರಿನ ತುಕಡಿಗಳು ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳ ಕಡೆಗೂ ಊರಿನೊಳಕ್ಕೂ ನುಗ್ಗಿದವು. ಶತ್ರುಪಡೆಯ 1,350 ಮಂದಿ ಸೆರೆಸಿಕ್ಕರು. ಅಕ್ಟೋಬರ್ 26ರಂದು ಅಲೆಪ್ಪೊ ಹತ್ತಿರದ ಹರಿತಾನಿನಲ್ಲಿ ಮತ್ತೊಂದು ಕಾಳಗ ನಡೆಯಿತು. ಪಡೆ 1920ರಲ್ಲಿ ಊರಿಗೆ ಮರಳಿತು. ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭ ಈ ಪಡೆಯದ್ದೇ. ಇದೇ ಬ್ರಿಗೇಡಿನ ನೆನಪಿಗಿರುವ ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ ಕಟ್ಟಿದ 61ನೆಯ ಕ್ಯಾವಲ್ರಿಯಲ್ಲಿ ಮೈಸೂರಿನ ಸವಾರರೂ ಕೂಡಿಕೊಂಡರು.

ಎರಡನೆಯ ಮಹಾಯುದ್ಧದಲ್ಲಿ ಮೈಸೂರಿನ ಕಾಲಾಳು ಪಡೆ ಪೂರ್ವಕ್ಕೆ ಹೋಯಿತು. ಒಂದನೆಯ ಮೈಸೂರು ಇನ್‌ಫೆಂಟ್ರಿ, 1942ರ ಫೆಬ್ರವರಿ 15ರಂದು ಸಮುದ್ರದಾಚೆಯ ಸಿಂಗಾಪುರ ಜಪಾನಿಗೆ ಶರಣಾದಾಗ, ಅಲ್ಲೇ ಇತ್ತು. ಅಲ್ಲಿ ಸೆರೆಸಿಕ್ಕ ಭಾರತೀಯರಲ್ಲಿ ಕೆಲವರು ಆಜಾದ್ ಹಿಂದ್ ಫೌಜ್ ಸೇರಿದರು, ಉಳಿದವರು ಸೆರೆಯಾಳುಗಳಾಗಿಯೇ ಇದ್ದರು. ಹಲವರನ್ನು ನ್ಯೂಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿ ಕೆಲಸಕ್ಕೆ ಸಾಗಿಸಲಾಯಿತು. ಆದ್ದರಿಂದ 'ಸಿಂಗಾಪುರದಲ್ಲಿದ್ದರು' ಎಂಬ ಮನೆಮಾತೊಂದೇ ಇದ್ದರೆ ಅದು ಹಲವು ಬಗೆಯ ಬದುಕುಗಳನ್ನು ಸೂಚಿಸಬಹುದು. ಮೈಸೂರಿನ ಈ ಕಾಲಾಳು ಪಡೆ ಮುಂದೆ ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಯಿತು. ಆ ರೆಜಿಮೆಂಟಿನ ಕೇಂದ್ರವಿರುವುದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿ.

ಹುಡುಕಾಟ ಮನೆಯಿಂದಲೇ ಶುರುವಾಗಬೇಕು, ಅದರಲ್ಲೂ ಪದಕದಿಂದ. ಮೊದಲ ಮಹಾಯುದ್ಧದ ಬೆಳ್ಳಿಯ ಯುದ್ಧ ಪದಕ ಮತ್ತು ಕಾಮನಬಿಲ್ಲಿನ ಬಣ್ಣದ ಪಟ್ಟಿಯ ಕಂಚಿನ ವಿಜಯ ಪದಕ, ಎರಡರ ಅಂಚಿನಲ್ಲೂ ರೋಮನ್ ಲಿಪಿಯ ಸಣ್ಣ ಅಕ್ಷರಗಳಿವೆ: ಮೊದಲು ಸೈನಿಕ ಸಂಖ್ಯೆ, ಆಮೇಲೆ ಹುದ್ದೆ, ಹೆಸರು, ಕೊನೆಗೆ ಪಡೆಯ ಹೆಸರಿನ ಸಂಕ್ಷೇಪ. ಬೆಳಕನ್ನು ಓರೆಯಾಗಿ ಬೀಳಿಸಿ ಪದಕವನ್ನು ನಿಧಾನವಾಗಿ ತಿರುಗಿಸಿದರೆ ಸವೆದ ಅಕ್ಷರಗಳೂ ಓದಲು ಸಿಗುತ್ತವೆ. ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ, ಅಂಚಿನ ಬರಹ ಇನ್ನಷ್ಟು ಸವೆಯುತ್ತದೆ. ಬೆಳ್ಳಿಯೆಂಬ ಕಾರಣಕ್ಕೇ ಕರಗಿಹೋದ ಪದಕಗಳೂ ಬಹಳ. ಪದಕವಿಲ್ಲದ ಮನೆಯಲ್ಲಿ ಬಿಡುಗಡೆ ಪುಸ್ತಕ, ಪಿಂಚಣಿ ಆದೇಶ, ಸಮವಸ್ತ್ರದ ಫೋಟೊ ಸಿಗಬಹುದು. ಫೋಟೊದಲ್ಲಿ ಮುಖಕ್ಕಿಂತ ಭುಜದ ಲೋಹದ ಅಕ್ಷರಗಳು ಮತ್ತು ಪೇಟದ ಬಿಲ್ಲೆ ಹೆಚ್ಚು ಹೇಳುತ್ತವೆ.

ಸಂಖ್ಯೆ ಮತ್ತು ಪಡೆಯ ಹೆಸರು ಸಿಕ್ಕಿದರೆ ಮುಂದಿನ ದಾರಿ ಸುಲಭ. ಯುದ್ಧದಲ್ಲಿ ಸತ್ತವರಿಗೆ, 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿ ಇದೆ. ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿನಲ್ಲಿ ಮಡಿದ ಭಾರತೀಯರಿಗಾಗಿ ಸೂಯೆಜ್ ಬಳಿಯ ಪೋರ್ಟ್ ತೌಫೀಕಿನಲ್ಲಿ 1926ರಲ್ಲಿ ಕಟ್ಟಿದ ಸ್ಮಾರಕ ಮುಂದಿನ ಅರಬ್–ಇಸ್ರೇಲ್ ಕದನಗಳಲ್ಲಿ ಹಾಳಾಯಿತು. ಅದರ ಬದಲಿಗೆ ಹೀಲಿಯೊಪೊಲಿಸಿನಲ್ಲಿ ಹೊಸದನ್ನು ನಿಲ್ಲಿಸಲಾಯಿತು. ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ ಸಮಾಧಿ ಪತ್ತೆಯಾಗದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. ಬದುಕಿ ಮರಳಿದವರು ಈ ಪಟ್ಟಿಗಳಲ್ಲಿ ಇರುವುದಿಲ್ಲ. ಅವರಿಗಾಗಿ ಸಂಸ್ಥಾನದ ಕಡತಗಳಿರುವ ಬೆಂಗಳೂರಿನ ರಾಜ್ಯ ಪತ್ರಾಗಾರ ಮತ್ತು ಅದರ ಮೈಸೂರು ವಿಭಾಗ, ಸಂಸ್ಥಾನಗಳ ಪಡೆಗಳ ಬಗೆಗಿನ ವಿದೇಶಾಂಗ ಮತ್ತು ರಾಜಕೀಯ ಇಲಾಖೆಯ ಕಡತಗಳಿರುವ ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು ಇವೆ. 1947ರಿಂದ ಈಚಿನ ಸೇವೆಗೆ ಆಯಾ ರೆಜಿಮೆಂಟಿನ ಅಥವಾ ವಾಯುಪಡೆಯ ದಾಖಲೆ ಕಚೇರಿಯನ್ನು ಕೇಳಬೇಕು. ಪಿಂಚಣಿಯ ವಿಷಯಕ್ಕೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ನೆರವಾಗುತ್ತದೆ.

ಹುಡುಕುವಾಗ ಎರಡು ತೊಡಕುಗಳು ಮತ್ತೆ ಮತ್ತೆ ಎದುರಾಗುತ್ತವೆ. ಮೊದಲನೆಯದು ಹೆಸರಿನ ಬರಹ. ಗುಮಾಸ್ತ ಕಿವಿಗೆ ಬಿದ್ದಂತೆ ರೋಮನ್ ಲಿಪಿಯಲ್ಲಿ ಬರೆದುಕೊಂಡದ್ದರಿಂದ ಒಬ್ಬನೇ ಮುನಿಯಪ್ಪ ಮೂರು ಕಡತಗಳಲ್ಲಿ ಮೂರು ಬಗೆಯಾಗಿ ಇರಬಹುದು. ಇನಿಷಿಯಲ್ ಒಂದರಲ್ಲಿದ್ದು ಇನ್ನೊಂದರಲ್ಲಿ ಬಿಟ್ಟುಹೋಗಿರಬಹುದು. ಹೆಸರಿಗಿಂತ ಸಂಖ್ಯೆ, ತಂದೆಯ ಹೆಸರು, ಊರು, ತಾಲ್ಲೂಕುಗಳನ್ನು ನಂಬುವುದು ಲೇಸು. ಎರಡನೆಯದು ಮನೆತನದ ಬಿರುದು. ದಳವಾಯಿ, ಜಮಾದಾರ, ಹವಾಲ್ದಾರ, ರಿಸಾಲ್ದಾರ ಎಂಬ ಹೆಸರುಗಳು ಸೇನೆಯ ಹುದ್ದೆಯಿಂದ ಬಂದಿರಬಹುದು. ಆದರೆ ಜಮಾದಾರ, ದಫೇದಾರರು ಕಚೇರಿ, ಪೊಲೀಸು, ಅರಮನೆಗಳಲ್ಲೂ ಇದ್ದರು. ಕುದುರೆ ನೋಡಿಕೊಳ್ಳುವ ಸಯಿಸರು, ಅಡುಗೆಯವರು, ನೀರು ಹೊರುವವರು ಪಡೆಯ ಜೊತೆಗೇ ಸಮುದ್ರ ದಾಟಿದ್ದರು. ಇವರನ್ನು ಸೈನಿಕರ ಪಟ್ಟಿಯಲ್ಲಲ್ಲ, ಅನುಚರರ ಪಟ್ಟಿಯಲ್ಲಿ ಹುಡುಕಬೇಕು. ಇಂಥವರಿಗೆ ಮೊದಲ ಮಹಾಯುದ್ಧದ ಯುದ್ಧ ಪದಕ ಬೆಳ್ಳಿಯ ಬದಲು ಕಂಚಿನಲ್ಲಿ ಬಂದದ್ದುಂಟು. ಮನೆಯಲ್ಲಿ ಅಂಥ ಪದಕವಿದ್ದರೆ ಅದು ನಕಲಿಯೆಂದು ಬದಿಗಿಡಬಾರದು.

ಬೆಂಗಳೂರಿನ ಜಾಲಹಳ್ಳಿ, ಯಲಹಂಕ, ಸಿಂಗಾಪುರದ ಸುತ್ತಿನಲ್ಲಿ ನಿವೃತ್ತ ಸೈನಿಕರ ಮನೆಗಳಿವೆ. ಅವರ ಸೇವಾ ಸಂಖ್ಯೆ, ಪಡೆ, ಸೇರಿದ ವರ್ಷ, ಬಿಡುಗಡೆಯಾದ ವರ್ಷ ಈ ನಾಲ್ಕನ್ನು ಈಗಲೇ ಒಂದು ಹಾಳೆಯಲ್ಲಿ ಬರೆದು, ಪಿಂಚಣಿ ಆದೇಶದ ನಕಲಿನೊಂದಿಗೆ ಮನೆಯ ಪತ್ರಗಳ ಜೊತೆ ಇಟ್ಟರೆ ಮುಂದಿನ ತಲೆಮಾರು ಪತ್ರಾಗಾರಗಳ ಬಾಗಿಲು ತಟ್ಟುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ.