ನಿಘಂಟಿಗೂ ಮೊದಲು ಹಾಡು: ಕಿಟೆಲ್ ಅವರ ‘ಕಥಾಮಾಲೆ’

ಕ್ರಿಸ್‌ಮಸ್ ಹತ್ತಿರವಾದಾಗ ಬೆಂಗಳೂರಿನ ಯಡಿಯೂರು, ಜಯನಗರ ಅಥವಾ ಬನಶಂಕರಿಯ ಯಾವುದಾದರೂ ಮನೆಯಿಂದ ಕನ್ನಡದ ಕ್ರೈಸ್ತ ಭಕ್ತಿಗೀತೆ ಕೇಳಿಬಂದರೆ ಯಾರೂ ಅಚ್ಚರಿಪಡುವುದಿಲ್ಲ. ಹಾರ್ಮೋನಿಯಂ ಜೊತೆಗೆ ತಬಲಾ ಇದ್ದರಂತೂ ಅದು ದಾಸರ ಪದವೋ ಕ್ರಿಸ್ತನ ಸ್ತುತಿಯೋ ಎಂದು ತಿಳಿಯಲು ಸಾಹಿತ್ಯಕ್ಕೆ ಕಿವಿಗೊಡಬೇಕಾಗುತ್ತದೆ. ಇಂದು ಇಷ್ಟು ಸಹಜವೆನಿಸುವ ಈ ಸಂಗತಿ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಏಸುವನ್ನು ನಂಬಿದ ಕನ್ನಡಿಗ ಯಾರ ಧಾಟಿಯಲ್ಲಿ ಹಾಡಬೇಕು? ಜರ್ಮನಿಯ ಧಾಟಿಯಲ್ಲೋ, ತನ್ನ ಊರಿನ ಧಾಟಿಯಲ್ಲೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರಲ್ಲಿ ಫರ್ಡಿನಾಂಡ್ ಕಿಟೆಲ್ ಪ್ರಮುಖರು. ಕಿಟೆಲ್ ಎಂದರೆ ನಮಗೆ ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳ ಬೃಹತ್ ಗ್ರಂಥ. ಆದರೆ ಅದಕ್ಕೂ 32 ವರ್ಷ ಮೊದಲು, 1862ರಲ್ಲಿ, ಅವರು ‘ಕಥಾಮಾಲೆ’ ಎಂಬ ಕೃತಿಯನ್ನು ಪ್ರಕಟಿಸಿದ್ದರು. ಅದು ಕ್ರಿಸ್ತನ ಬದುಕನ್ನು ಭಾರತೀಯ ಛಂದಸ್ಸಿನಲ್ಲಿ, ಕನ್ನಡದಲ್ಲಿ ಹೇಳುವ ಕಾವ್ಯ.

ಬಾಸೆಲ್‌ನಿಂದ ಬಂದವರು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತು. ಬಂದವರಲ್ಲಿ ಹೆಚ್ಚಿನವರು ಜರ್ಮನರು. ಜರ್ಮನ್ ಪ್ರಾಟೆಸ್ಟೆಂಟರಿಗೆ ಹಾಡು ಪೂಜೆಯ ಅಲಂಕಾರವಲ್ಲ, ಪೂಜೆಯ ಒಂದು ಅಂಗ. ಹದಿನಾರನೆಯ ಶತಮಾನದ ಸುಧಾರಕ ಮಾರ್ಟಿನ್ ಲೂಥರ್ ಸ್ವತಃ ಗೀತೆಗಳನ್ನು ರಚಿಸಿ, ಸಭೆಯೆಲ್ಲ ಒಟ್ಟಾಗಿ ತನ್ನದೇ ನುಡಿಯಲ್ಲಿ ಹಾಡುವ ಪದ್ಧತಿಗೆ ಬಲ ತುಂಬಿದ್ದ. ಅದೇ ಪರಂಪರೆಯಲ್ಲಿ ಬೆಳೆದವರು ಕನ್ನಡ ನಾಡಿನಲ್ಲೂ ಮೊದಲು ಮಾಡಿದ್ದು ಜರ್ಮನ್ ಗೀತೆಗಳನ್ನು ಕನ್ನಡಕ್ಕೆ ತಂದು, ಮೂಲದ ಧಾಟಿಯಲ್ಲೇ ಹಾಡಿಸಿದ್ದು.

ತೊಡಕು ಎದುರಾದದ್ದು ಅಲ್ಲಿಯೇ. ಜರ್ಮನ್ ಪದ್ಯ ನಡೆಯುವುದು ಒತ್ತಿನ ಮೇಲೆ. ಒಂದು ಅಕ್ಷರಕ್ಕೆ ಒತ್ತು, ಇನ್ನೊಂದಕ್ಕೆ ಇಲ್ಲ. ಕನ್ನಡ ಪದ್ಯ ನಡೆಯುವುದು ಕಾಲದ ಮೇಲೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಭಾಮಿನಿ ಷಟ್ಪದಿಯ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಎಂದು ಹದಿನಾಲ್ಕು ಮಾತ್ರೆಗಳಲ್ಲಿ ಹೆಜ್ಜೆ ಹಾಕುತ್ತದೆ. ಹೊರಗಿನ ಧಾಟಿಗೆ ಕನ್ನಡದ ಮಾತನ್ನು ಕೂರಿಸುವಾಗ ಹ್ರಸ್ವವನ್ನು ಎಳೆಯಬೇಕಾಗುತ್ತದೆ, ದೀರ್ಘವನ್ನು ಮೊಟಕುಗೊಳಿಸಬೇಕಾಗುತ್ತದೆ. ಹಾಗೆ ಮಾಡಿದರೆ ‘ಮನ’ ಹೋಗಿ ‘ಮಾನ’ ಆದೀತು, ‘ದಾನ’ ಹೋಗಿ ‘ದನ’ ಆದೀತು. ಕನ್ನಡದಲ್ಲಿ ಉಚ್ಚಾರದ ಕಾಲ ತಪ್ಪಿದರೆ ಅರ್ಥವೇ ತಪ್ಪುತ್ತದೆ.

ಮಿಷನರಿಗಳಲ್ಲಿ ಕೆಲವರು ಇಲ್ಲಿನ ಹಾಡಿನ ಕಡೆಗೂ ತಿರುಗಿ ನೋಡಿದರು. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದವರು. ಮುಂದೆ ಅವರು ಕೈಗೊಂಡ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ ಮತ್ತು ಬಸವಪುರಾಣ ಅಚ್ಚಾದವು. ಅದೇ ಮಾಲೆಯಲ್ಲಿ 1850ರಲ್ಲಿ ‘ದಾಸರ ಪದಗಳು’ ಸಂಕಲನವೂ ಬಂತು. ಅಲ್ಲಿಯವರೆಗೆ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿದ್ದ ಪುರಂದರದಾಸ, ಕನಕದಾಸರ ಹಾಡುಗಳನ್ನು ಮುದ್ರಣಕ್ಕೆ ತರುವ ಮೊದಲ ಯತ್ನಗಳಲ್ಲಿ ಒಂದು ಕ್ರೈಸ್ತ ಪಾದ್ರಿಯಿಂದ ನಡೆಯಿತೆಂಬುದು ಗಮನಿಸಬೇಕಾದ ಸಂಗತಿ.

ಕನ್ನಡಿಗರಿಗೆ ಕನ್ನಡಿಗನಾಗಿ

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬಲ್ಲಿ. ತಂದೆಯೂ ಪಾದ್ರಿ. 1853ರಲ್ಲಿ ಅವರು ಭಾರತಕ್ಕೆ ಬಂದಾಗ ವಯಸ್ಸು 21. ಯೆಹೂದ್ಯರ ನಡುವೆ ಯೆಹೂದ್ಯನಂತೆ ಬಾಳಿದೆನೆಂದು ಸಂತ ಪೌಲ ಹೇಳಿದ ಮಾತನ್ನು ಈ ತರುಣ ಅಕ್ಷರಶಃ ಸ್ವೀಕರಿಸಿದ. ಕನ್ನಡಿಗರಿಗೆ ಏಸುವಿನ ಮಾತು ಹೇಳಬೇಕಾದರೆ ಮೊದಲು ತಾನು ಕನ್ನಡಿಗನಾಗಬೇಕೆಂಬುದು ಅವರ ನಿಲುವಾಗಿತ್ತು. ಮಿಷನ್‌ನ ಹಿರಿಯರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಎಷ್ಟು ಜನ ದೀಕ್ಷೆ ಪಡೆದರು ಎಂಬ ಲೆಕ್ಕದಲ್ಲಿ ನೋಡಿದರೆ ಕಿಟೆಲ್ ಯಶಸ್ವಿ ಮಿಷನರಿಯೂ ಅಲ್ಲ.

‘ಕಥಾಮಾಲೆ’ ಬಂದದ್ದು ಈ ನಿಲುವಿನಿಂದ. ಇಲ್ಲಿ ಕಥೆಯನ್ನು ಓದುವುದಕ್ಕಿಂತ ಹಾಡಿ ಕೇಳಿಸುವುದೇ ರೂಢಿ. ಕುಮಾರವ್ಯಾಸ, ಲಕ್ಷ್ಮೀಶರು ಅಕ್ಷರ ಬಾರದವರ ಮನೆಯನ್ನೂ ತಲುಪಿದ್ದು ಗಮಕಿಗಳ ಕಂಠದಿಂದ. ಆ ದಾರಿಯಲ್ಲೇ ಬೆತ್ಲೆಹೇಮಿನ ಕಥೆಯೂ ಸಾಗಲಿ ಎಂಬುದು ಅದರ ಹಿಂದಿನ ಆಲೋಚನೆ.

ಹೀಗೆ ಯೋಚಿಸಿದವರು ಅವರೊಬ್ಬರೇ ಅಲ್ಲ. ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಗೋವೆಯ ನಾಡಿನಲ್ಲಿ 1616ರಷ್ಟು ಹಿಂದೆಯೇ ಮರಾಠಿಯ ಓವಿ ಛಂದಸ್ಸಿನಲ್ಲಿ ‘ಕ್ರಿಸ್ತಪುರಾಣ’ ಪ್ರಕಟಿಸಿದ್ದ. ತಂಜಾವೂರಿನ ವೇದನಾಯಗಂ ಶಾಸ್ತ್ರಿ ತಮಿಳಿನಲ್ಲಿ, ಮುಂದೆ ನಾರಾಯಣ ವಾಮನ ತಿಲಕ್ ಮರಾಠಿಯಲ್ಲಿ ಕ್ರಿಸ್ತನನ್ನು ನೆಲದ ಧಾಟಿಯಲ್ಲಿ ಹಾಡಿದರು. ಇವರಿಬ್ಬರಿಗೆ ಆ ಧಾಟಿ ತಾಯಿಯಿಂದ ಬಂದದ್ದು. ಕಿಟೆಲ್ ಅದನ್ನು ಪಾಠ ಹೇಳಿಸಿಕೊಂಡು ಕಲಿಯಬೇಕಿತ್ತು.

ಕಲಿಕೆ ಅವರನ್ನು ಬಹುದೂರ ಕರೆದೊಯ್ದಿತು. 1872ರಲ್ಲಿ ಕೇಶಿರಾಜನ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು. 1873ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕರ್ನಾಟಕದ ವೈಷ್ಣವ ದಾಸರ ಬಗ್ಗೆ ಬರೆದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಅವರ ಸಂಪಾದನೆಯಲ್ಲಿ ಹೊರಬಂತು. ಕನ್ನಡದಲ್ಲಿ ಪದ್ಯ ಕಟ್ಟಿದ ವ್ಯಕ್ತಿ ಕನ್ನಡ ಪದ್ಯದ ನಿಯಮಗಳ ಮೂಲಗ್ರಂಥವನ್ನೇ ಹುಡುಕಿಕೊಂಡು ಹೋದದ್ದು ಆಕಸ್ಮಿಕವಾಗಿರಲಾರದು. ನಿಘಂಟಿನಲ್ಲೂ ಗಾದೆ, ಆಡುಮಾತುಗಳ ಜೊತೆಗೆ ಹಾಡುವ ಕಾವ್ಯಗಳ ಪ್ರಯೋಗಗಳು ತುಂಬಿವೆ.

ಬೆಲೆಯನ್ನೂ ತೆರಬೇಕಾಯಿತು. 1864ರಲ್ಲಿ ಪತ್ನಿ ಪೌಲಿನ್ ತೀರಿಕೊಂಡರು. 1877ರಲ್ಲಿ ತಾಯ್ನಾಡಿಗೆ ಮರಳಿದ ಕಿಟೆಲ್, ನಿಘಂಟಿಗಾಗಿಯೇ 1883ರಲ್ಲಿ ಮತ್ತೆ ಬಂದರು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ 18ರಂದು ಅವರು ನಿಧನರಾದರು.

ಕೊಟ್ಟದ್ದು, ಪಡೆದದ್ದು

ಹಾಡಿನ ವಿನಿಮಯ ಒಂದೇ ದಿಕ್ಕಿನಲ್ಲಿ ನಡೆಯಲಿಲ್ಲ. ಮಿಷನರಿಗಳ ಜೊತೆ ಬಂದ ಹಾರ್ಮೋನಿಯಂ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತೆಯಲ್ಲಿ ಕೈಯಿಂದ ತಿದಿಯೊತ್ತಿ ನುಡಿಸುವ ರೂಪ ಪಡೆಯಿತು. ನೆಲದ ಮೇಲೆ ಕುಳಿತು ನುಡಿಸಲು ಅನುಕೂಲವಾದ ಆ ಪೆಟ್ಟಿಗೆ ಭಜನೆ, ಹರಿಕಥೆ, ಕಂಪನಿ ನಾಟಕಗಳಿಗೆಲ್ಲ ಹಬ್ಬಿತು. 1940ರಿಂದ ಸುಮಾರು ಮೂರು ದಶಕ ಆಕಾಶವಾಣಿ ಅದನ್ನು ಹೊರಗಿಟ್ಟರೂ ಜನ ಬಿಡಲಿಲ್ಲ.

ಇತ್ತ ಕನ್ನಡ ಕ್ರೈಸ್ತರೂ ನಾಡಿನ ಪದ್ಯಪರಂಪರೆಯನ್ನು ತಮ್ಮದೆಂದೇ ಭಾವಿಸಿದರು. ಬಾಸೆಲ್ ಮಿಷನ್‌ನ ಪಾದ್ರಿ ಉತ್ತಂಗಿ ಚನ್ನಪ್ಪನವರು ಊರೂರು ಸುತ್ತಿ ತ್ರಿಪದಿಗಳನ್ನು ಕಲೆಹಾಕಿ, 1924ರಲ್ಲಿ ‘ಸರ್ವಜ್ಞನ ವಚನಗಳು’ ಪ್ರಕಟಿಸಿದರು. 1949ರಲ್ಲಿ ಗುಲ್ಬರ್ಗದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕಥೋಲಿಕರಲ್ಲಿ ಬದಲಾವಣೆ ತಡವಾಗಿ ಬಂತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳ ಪೂಜೆಗೆ ದಾರಿ ತೆರೆದ ಮೇಲೆ ಲ್ಯಾಟಿನ್ ಹಿಂದೆ ಸರಿಯಿತು. ಆಗ ಹಲವು ನುಡಿಗಳವರು ಸೇರಿ ಪ್ರಾರ್ಥಿಸುವ ಬೆಂಗಳೂರಿನಲ್ಲಿ ಯಾವ ದೇಶಭಾಷೆ ಎಂಬ ಹೊಸ ಪ್ರಶ್ನೆ ಎದ್ದಿತು. ಚರ್ಚುಗಳಲ್ಲಿ ಕನ್ನಡಕ್ಕೆ ಸ್ಥಾನ ಬೇಕೆಂದು ಕನ್ನಡ ಕ್ರೈಸ್ತರು ದೀರ್ಘಕಾಲ ಹೋರಾಡಬೇಕಾಯಿತು.

ಆ ಹೋರಾಟದ ಬೇರು ಕಿಟೆಲ್ ಎದುರಿಸಿದ ಪ್ರಶ್ನೆಯಲ್ಲೇ ಇದೆ. ಮನುಷ್ಯ ವ್ಯವಹಾರವನ್ನು ಯಾವ ಭಾಷೆಯಲ್ಲಾದರೂ ಮಾಡಿಯಾನು. ದೇವರ ಮುಂದೆ ಅಳುವಾಗ, ಹಾಡುವಾಗ ತನ್ನ ನುಡಿಯೇ ಬೇಕು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟೆಲ್ ಪ್ರತಿಮೆಯಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಇವೆರಡೂ ನಿಘಂಟುಕಾರನಿಗೆ ಸಂದ ಗೌರವ. ‘ಕಥಾಮಾಲೆ’ಯನ್ನು ಇಂದು ಓದುವವರು ವಿರಳ. ಹಾಗಿದ್ದರೂ ತನ್ನ ನಂಬಿಕೆಯನ್ನು ಕನ್ನಡದ ಲಯಕ್ಕೆ ಒಪ್ಪಿಸಲು ಹೊರಟ ಆ ಪಾದ್ರಿ, ಅದಕ್ಕಾಗಿ ಕನ್ನಡದ ವಿದ್ಯಾರ್ಥಿಯಾದ. ಆ ವಿದ್ಯಾರ್ಥಿತನದ ಫಲವನ್ನು ಎಲ್ಲ ಧರ್ಮಗಳ ಕನ್ನಡಿಗರೂ ಉಣ್ಣುತ್ತಿದ್ದಾರೆ.